ಇನ್ನೊಂದು ಸುತ್ತು

ಬೀದಿಯವರೆಲ್ಲ ಅವನನ್ನು ಸುತ್ತಣ್ಣ ಅಂತಲೇ ಕರೆಯುತ್ತಿದ್ದರು. ನಲ್ಲಿ ರಿಪೇರಿ ಅವನ ಕಸುಬು. ಎಂಥ ಪೈಪನ್ನೇ ಜೋಡಿಸಲಿ, ಬಿಗಿ ಮಾಡಿದ ಮೇಲೂ “ಇರ್ಲಿ, ಇನ್ನೊಂದ್ ಸುತ್ತು” ಎಂದು ಪಾನಾ ಎಳೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಅವನು ಕೂರಿಸಿದ ನಲ್ಲಿ ಬಿಚ್ಚಲು ಮತ್ತೆ ಅವನನ್ನೇ ಕರೆಸಬೇಕು ಎಂದು ಜನ ನಗಾಡುತ್ತಿದ್ದರು. ನಗಲಿ ಬಿಡಿ. ಅವನು ಕೈಯಿಟ್ಟ ಕಡೆ ಒಂದು ಹನಿ ಸೋರಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಆವತ್ತು ಬೆಳಿಗ್ಗೆ ಅವನ ಹೆಂಡತಿಯ ಅಕ್ಕನ ಮಗಳು ದೂರದ ಊರಿನಿಂದ ಫೋನ್ ಮಾಡಿದಳು.

“ಚಿಕ್ಕಪ್ಪ, ಅಮ್ಮ ಇವತ್ತು ದಾಟೋದು ಕಷ್ಟ ಅಂತಿದಾರೆ ಡಾಕ್ಟ್ರು. ಚಿಕ್ಕಮ್ಮನ್ನ ನೋಡ್ಬೇಕು ಅಂತ ಒಂದೇ ಸಮ ಕೇಳ್ತಿದಾಳೆ. ಹೇಗಾದ್ರೂ ಮಾಡಿ ಕರ್ಕೊಂಡ್ ಬನ್ನಿ.”

ಹೇಗಾದರೂ ಅಂದರೆ ಹೇಗೆ? ಬೆನ್ನಿಗೆ ಏಟು ಬಿದ್ದು ಹಾಸಿಗೆ ಹಿಡಿದ ಹೆಂಡತಿ ಕೂರುವ ಹಾಗಿರಲಿಲ್ಲ. ಕೂರಿಸಿದರೆ ಎಚ್ಚರ ತಪ್ಪುತ್ತಿದ್ದಳು. ಅವಳಿಗಾಗಿಯೇ ಸುತ್ತಣ್ಣ ತನ್ನ ಹಳೇ ಕಾರಿನ ಒಂದು ಪಕ್ಕದ ಸೀಟುಗಳನ್ನು ಕಿತ್ತು, ಪೈಪಿನ ಚೌಕಟ್ಟು ಕೂರಿಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ ಹಾಕಿದ್ದ. ಬಾಡಿಗೆ ಕಾರಿನಲ್ಲಿ ಅಂಥದ್ದೆಲ್ಲಿ? ಆಂಬುಲೆನ್ಸಿನವರು ಆಸ್ಪತ್ರೆಗಾದರೆ ಮಾತ್ರ ಬರುತ್ತೇವೆ ಅಂದರು. ಅವಳು ಹೊಸ್ತಿಲು ದಾಟಬೇಕೆಂದರೆ ಆ ಕಾರೊಂದೇ ಗತಿ.

ಆ ಕಾರೋ, ಕೆಲವು ದಿನಗಳಿಂದ ಕೆಮ್ಮಲು ಶುರು ಮಾಡಿತ್ತು. ಮೆಕ್ಯಾನಿಕ್ ಗೆಳೆಯ ಹಿಂದಿನ ದಿನವೇ ಬಂದು ಶಬ್ದ ಕೇಳಿದ್ದ. “ಒಂದು ಪ್ಲಗ್ ಹೋಗಿದೆ, ಮಿಸ್ಸಿಂಗ್ ಹೊಡೀತಿದೆ. ನಾಳಿದ್ದು ಬಂದು ನಾಲ್ಕೂ ಬದಲಾಯಿಸ್ತೀನಿ. ನೀನು ಕೈ ಹಾಕ್ಬೇಡ” ಎಂದು ಹೊಸ ಸ್ಪಾರ್ಕ್ ಪ್ಲಗ್ಗುಗಳ ಪೊಟ್ಟಣವನ್ನೂ ಅವುಗಳ ಪಾನಾವನ್ನೂ ಅಲ್ಲೇ ಇಟ್ಟು ಹೋಗಿದ್ದ. ಈಗ ಫೋನ್ ಮಾಡಿದರೆ ಎತ್ತುತ್ತಿಲ್ಲ.

ನಡುದಾರಿಯಲ್ಲಿ ಗಾಡಿ ಕೈಕೊಟ್ಟರೆ? ಮಲಗಿದ ಹೆಂಡತಿಯನ್ನಿಟ್ಟುಕೊಂಡು ರಸ್ತೆ ಬದಿಯಲ್ಲಿ ನಿಲ್ಲುವುದನ್ನು ನೆನೆಯಲೂ ಅವನಿಗಾಗಲಿಲ್ಲ. ಬಾನೆಟ್ ಎತ್ತಿದ.

“ರೀ, ಹಾಗೇ ಹೋಗ್ಬಿಡೋಣ,” ಒಳಗಿನಿಂದ ಅವಳು ಕೂಗಿದಳು. ಬೇಗನೆ ತಲೆ ಬಾಚಿಸಿಕೊಂಡು, ಒಳ್ಳೆ ಬಟ್ಟೆ ಹಾಕಿಸಿಕೊಂಡು ಆಗಿತ್ತು ಅವಳದು.

“ಒಂದೇ ನಿಮಿಷ ಇರೇ. ಬಿಚ್ಚೋದು, ಹಾಕೋದು. ನಂಗೇನು ಹೊಸದಾ ಇದು?”

ಮೂರು ಪ್ಲಗ್ಗು ಸಲೀಸಾಗಿ ಕೂತವು. ನಾಲ್ಕನೆಯ ಹಳೇ ಪ್ಲಗ್ಗು ಈಚೆ ಬಂದಾಗ ಅದರ ಥ್ರೆಡ್ಡಿನ ಮೇಲೆ ಎಣ್ಣೆಯ ಪಸೆ ಕಂಡಿತು. ಪಸೆ! ಜೀವಮಾನವಿಡೀ ಸೋರಿಕೆಯ ಜೊತೆ ಗುದ್ದಾಡಿದವನ ಕಣ್ಣಿಗೆ ಪಸೆ ಬಿದ್ದ ಮೇಲೆ ಕೇಳಬೇಕೇ? ‘ಓಹೋ, ಇಲ್ಲಿದ್ಯಾ ನೀನು’ ಅಂದುಕೊಂಡ. ಜೇಬಿನಲ್ಲಿದ್ದ ಬಿಳಿ ಟೇಪು ತೆಗೆದು, ನಲ್ಲಿಗೆ ಸುತ್ತುವ ಹಾಗೆ ಹೊಸ ಪ್ಲಗ್ಗಿಗೆ ನೀಟಾಗಿ ಸುತ್ತಿದ. ಒಳಗೆ ತಿರುಗಿಸಿದ, ಬೆಣ್ಣೆಯ ಹಾಗೆ ಇಳಿಯಿತು. ಬಿಗಿಯಾಯಿತು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಹೋಗಬೇಕಾದದ್ದು ದೂರ, ಒಳಗಿರುವವಳು ಹೆಂಡತಿ.

“ಇರ್ಲಿ, ಇನ್ನೊಂದ್ ಸುತ್ತು.”

ಪಾನಾ ಥಟ್ಟನೆ ಹಗುರಾಯಿತು. ಆಮೇಲೆ ಪ್ಲಗ್ಗು ಸುಮ್ಮನೆ ಗರಗರ ತಿರುಗಿತು, ಎಷ್ಟು ತಿರುಗಿಸಿದರೂ ಅಷ್ಟೇ. ಒಳಗಿನ ಥ್ರೆಡ್ಡು ಕಿತ್ತುಹೋಗಿದೆಯೆಂದು ಕಸುಬಿನವನ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಚ್ಚಿ, ಇನ್ನೂ ದಪ್ಪಗೆ ಟೇಪು ಸುತ್ತಿ, ಕಂಡಕಂಡ ದೇವರನ್ನೆಲ್ಲ ನೆನೆಯುತ್ತ ಒಳಗೆ ತುರುಕಿ ಗಾಡಿ ಸ್ಟಾರ್ಟ್ ಮಾಡಿದ. ಢಬ್ ಎಂದು ಪ್ಲಗ್ಗು ಚಿಮ್ಮಿ ಬಾನೆಟ್ಟಿಗೆ ಬಡಿದು ಬಿತ್ತು.

ಆಗ ಮೆಕ್ಯಾನಿಕ್ ಗೆಳೆಯನ ಫೋನ್ ಬಂತು. ಆದದ್ದನ್ನೆಲ್ಲ ಕೇಳಿಸಿಕೊಂಡವನು ಹಣೆ ಚಚ್ಚಿಕೊಂಡ ಸದ್ದು ಈ ಕಡೆಗೂ ಕೇಳಿಸಿತು.

“ಅಯ್ಯೋ ಪುಣ್ಯಾತ್ಮ! ಅದು ಅಲ್ಯೂಮಿನಿಯಂ ಕಣಯ್ಯ, ನಿನ್ನ ಪೈಪಲ್ಲ. ಇಂಜಿನ್ನಿನ ಇಡೀ ಹೆಡ್ ಬಿಚ್ಚಬೇಕು ಈಗ.”

“ಆ ತೂತು ಹಾಗೇ ಇದ್ರೂ ಮೂರರಲ್ಲಿ ಓಡಲ್ವೇನೋ?”

“ಅದ್ರಿಂದ ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ಕೊಂಡ್ರೆ? ಮಲಗಿರೋಳನ್ನ ಹೇಗೆ ಎಳೀತೀಯ?” ಆಮೇಲೆ ಅವನೇ ಅಂದ, “ಮುಟ್ಟದೆ ಇದ್ದಿದ್ರೆ ಕೆಮ್ಕೊಂಡೇ ತಲುಪಿಸ್ತಿತ್ತಲ್ಲೋ ಅದು.”

ಸುತ್ತಣ್ಣ ಒಳಗೆ ಹೋಗಿ ಹಾಸಿಗೆಯ ಪಕ್ಕ ನೆಲದ ಮೇಲೆ ಕುಸಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಬೈದ್ಬಿಡೇ, ಬಾಯಿಗೆ ಬಂದ ಹಾಗೆ ಬೈದ್ಬಿಡು” ಎಂದು ಗೋಗರೆದ. ಅವಳು ಬೈಯಲಿಲ್ಲ. ಅಳು ನುಂಗಿಕೊಂಡು ಸೂರು ನೋಡುತ್ತಿದ್ದಳು. ಅಷ್ಟರಲ್ಲಿ ಅಕ್ಕನ ಮಗಳ ಫೋನ್ ಮತ್ತೆ ಬಂತು.

“ಎಲ್ಲಿದೀರ ಚಿಕ್ಕಪ್ಪ? ಅಮ್ಮ ಬಾಗಿಲು ಬಿಟ್ಟು ಕಣ್ಣು ಕದಲಿಸ್ತಿಲ್ಲ.”

ಅವನು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯತ್ತ ನೋಡಿದ. ಹೆಂಡತಿ ಮೆಲ್ಲಗೆ ಅಂದಳು, “ಒಂದ್ನಿಮಿಷ ಅನ್ನಿ. ನನ್ನನ್ನ ಗಾಡೀಲಿ ಮಲಗ್ಸಿ.”

ಅವನಿಗೆ ಅರ್ಥವಾಗಲಿಲ್ಲ, ಆದರೂ ಎದುರಾಡಲಿಲ್ಲ. ಎರಡೂ ಕೈಗಳಲ್ಲಿ ಎತ್ತಿ ತಂದು ಹಲಗೆಯ ಮೇಲೆ ಮಲಗಿಸಿದ, ಪಟ್ಟಿ ಕಟ್ಟಿದ, ಪಕ್ಕದಲ್ಲಿ ತಾನು ಸ್ಟಿಯರಿಂಗ್ ಮುಂದೆ ಕೂತು ಫೋನನ್ನು ಅವಳ ಕಿವಿಗೆ ಹಿಡಿದ.

“ಹೊರಟ್ಯೇನೇ?” ಮಗಳು ಕಿವಿಗೆ ಹಿಡಿದ ಫೋನಿನಲ್ಲಿ ಅಕ್ಕನ ಧ್ವನಿ ನೂಲಿನಷ್ಟು ಸಣ್ಣಗಿತ್ತು.

“ಗಾಡೀಲೇ ಮಲ್ಗಿದೀನಿ ಕಣಕ್ಕ. ನಿನ್ನಾಣೆ.”

“ಶಬ್ದಾನೇ ಇಲ್ವಲ್ಲೇ.”

ಅವಳು ಗಂಡನ ಮುಖ ನೋಡಿದಳು. ಅವನು ಹಾರ್ನ್ ಒತ್ತಿದ.

“ಕೇಳಿಸ್ತಾ ಅಕ್ಕ?”

“ಹ್ಞೂಂ.” ಉಸಿರು ಎಳೆದುಕೊಂಡು ಅಕ್ಕ ಅಂದಳು, “ನಿನ್ನ ಗಂಡಂಗೆ ನಿಧಾನವಾಗಿ ಓಡ್ಸು ಅನ್ನು. ಅವಸರ ಏನಿಲ್ಲ. ನೀನು ಬರೋವರೆಗೂ ನಾನಿರ್ತೀನಿ.”

ಹೆಂಡತಿಯ ಕಣ್ಣಿನಿಂದ ನೀರು ಎರಡೂ ಕಿವಿಗಳತ್ತ ಇಳಿಯಿತು. ಒರೆಸಲು ಅವನಿಗೆ ಕೈ ಏಳಲಿಲ್ಲ.

“ಇನ್ನೊಂದ್ಸಲ ಒತ್ತಿ” ಅಂದಳು.

ಒತ್ತಿದ. ಎದುರು ಮನೆಯವನು ಗಾಡಿ ಹೊರಟಿತೆಂದು ಓಡಿ ಬಂದು, ಗೇಟಿಗೆ ಅಡ್ಡವಾಗಿದ್ದ ತನ್ನ ಸೈಕಲ್ಲನ್ನು ಪಕ್ಕಕ್ಕೆ ಸರಿಸಿದ.