ಮಹಡಿಯ ಸಭೆ

ಕಂಡಕ್ಟರಮ್ಮ ಎಂದರೆ ಆ ಆರೈಕೆ ಕೇಂದ್ರದಲ್ಲಿ ಗೊತ್ತಿಲ್ಲದವರಿಲ್ಲ. ಬಸ್ಸಿನ ಕೆಲಸದಿಂದ ನಿವೃತ್ತಿಯಾಗಿದ್ದರೂ ಅವಳ ಗಂಟಲಿಗೆ ಮಾತ್ರ ನಿವೃತ್ತಿಯಾಗಿರಲಿಲ್ಲ. ಪಾರ್ಶ್ವವಾಯು ಬಡಿದ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ದಿನಾ ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದಳು. ಕೇಂದ್ರ ನಡೆಸುವುದು ಒಂದು ಸೇವಾಸಂಸ್ಥೆ, ಖರ್ಚು ಸರ್ಕಾರದ್ದು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಇದ್ದಳು. ಅವಳ ಗದರಿಕೆಗೆ ಹೆದರಿಯೇ ಗಂಡ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಡುವಂತಾಗಿದ್ದ. ಸಂಸ್ಥೆಗೆ ಹೊಸ ಕಾರ್ಯದರ್ಶಿ ಬಂದ ಮೇಲೆ ಒಂದೊಂದೇ ಕಳಚಿಕೊಂಡಿತು. ಹುಡುಗಿಯನ್ನು ಕೆಲಸದಿಂದ ಬಿಡಿಸಿದರು. ವ್ಯಾಯಾಮದ ಕೋಣೆಯಿಂದ ಕಂಬಿಗಳು ಹೊರಬಿದ್ದವು, ಅಲ್ಲಿ ಕಾರ್ಪೆಟ್ ಬಿತ್ತು, ಏಸಿ ಬಂತು, ಬಾಗಿಲ ಮೇಲೆ ಕಾರ್ಯದರ್ಶಿಯ ಹೆಸರೂ ಬಂತು. ಲಿಫ್ಟ್ ಕೆಟ್ಟು ನಿಂತು, ಅದರೊಳಗೆ ಪೊರಕೆ, ಬಕೆಟ್ಟುಗಳು ಸಂಸಾರ ಹೂಡಿದವು. ಕೇಳಿದವರಿಗೆಲ್ಲ ಒಂದೇ ಉತ್ತರ: “ಮೇಲಿನಿಂದ ಮಂಜೂರಾಗಿಲ್ಲ.”

ಕಂಡಕ್ಟರಮ್ಮ ನೇರ ಖರ್ಚು ಕೊಡುವ ಸರ್ಕಾರಿ ಇಲಾಖೆಗೇ ಹೋದಳು. ಅಲ್ಲಿನ ಅಧಿಕಾರಿ ಮೇಡಂ, “ವಾರ್ಷಿಕ ಸಭೆಗೆ ನಾನೇ ಬರ್ತೀನಿ, ಎಲ್ಲರ ಎದುರೇ ಕೇಳಿ” ಎಂದರು. ಮಾರನೆಯ ವಾರ ಕೇಂದ್ರದ ಗೋಡೆಗೆ ಪ್ರಕಟಣೆ ಅಂಟಿತು. ಸಭೆ ಮಹಡಿಯ ಮೇಲಿನ ಹಾಲಿನಲ್ಲಿ!

“ಸಾರ್, ಗಾಲಿಕುರ್ಚಿಯವರೆಲ್ಲ ಮಹಡಿ ಹತ್ತೋದು ಹೇಗೆ?” ಕಂಡಕ್ಟರಮ್ಮ ಕೇಳಿದಳು.

“ಅವರು ಬರಲೇಬೇಕು ಅಂತೇನಿಲ್ಲಮ್ಮ” ಎಂದ ಕಾರ್ಯದರ್ಶಿ. ಆಮೇಲೆ ದನಿ ತಗ್ಗಿಸಿ, “ನಿಮ್ಮ ಯಜಮಾನ್ರಿಗೆ ವ್ಯಾಯಾಮ ಮಾಡಿಸೋಕೆ ಮನೆಗೇ ಒಬ್ಬರನ್ನ ಕಳಿಸ್ತೀನಿ. ನಮ್ಮನಮ್ಮಲ್ಲೇ ಬಗೆಹರಿಸಿಕೊಳ್ಳೋಣ” ಎಂದ.

ಸುಳ್ಳೇಕೆ, ಅವಳ ಬಾಯಲ್ಲಿ ನೀರೂರಿತು. ಮನೆಗೆ ಬಂದು ಗಂಡನಿಗೆ ಊಟ ಮಾಡಿಸುತ್ತ, “ಒಪ್ಕೊಂಡುಬಿಡಲೇನ್ರೀ?” ಎಂದು ಕೇಳಿದಳು. ಗಂಡನಿಗೆ ಮಾತು ತೊಡರುತ್ತಿತ್ತು. ತುತ್ತು ನುಂಗಿ, ತುಂಬ ಹೊತ್ತು ತಿಣುಕಿ, “ಮತ್ತೆ... ಉಳಿದವ್ರು?” ಎಂದ.

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಕೈತೊಳೆದವಳೇ ಒಬ್ಬೊಬ್ಬರ ಮನೆಗೂ ಫೋನು ಮಾಡತೊಡಗಿದಳು.

ಸಭೆಯ ದಿನ ಮೇಡಂ ಬರುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಒಂದಕ್ಕೊಂದು ತಾಗಿಕೊಂಡು ಗಾಲಿಕುರ್ಚಿಗಳು. ಇರುವೆ ನುಸುಳಲೂ ಸಂದಿಯಿಲ್ಲ.

“ದಾರಿ ಬಿಡ್ರೀ!” ಕಾರ್ಯದರ್ಶಿ ಕೂಗಿದ.

“ಬಿಡ್ತೀವಿ. ಲಿಫ್ಟ್ ಶುರು ಮಾಡಿ, ನಾವೂ ಮೇಲಕ್ಕೆ ಬರ್ತೀವಿ” ಎಂದಳು ಕಂಡಕ್ಟರಮ್ಮ.

ಮೇಡಂ ಹುಬ್ಬು ಗಂಟಿಕ್ಕಿದರು. “ಹೋದ ವರ್ಷವೇ ರಿಪೇರಿ ಆಯ್ತು ಅಂದಿದ್ರಲ್ಲ?”

ಕಂಡಕ್ಟರಮ್ಮ ಲಿಫ್ಟಿನ ಬಾಗಿಲನ್ನು ಜಗ್ಗಿ ಎಳೆದಳು. ಪೊರಕೆಗಳು ದಡದಡನೆ ಮೇಡಂ ಕಾಲ ಬಳಿಗೇ ಉರುಳಿದವು. ಯಾರೋ ಕಿಸಕ್ಕೆಂದರು, ನಗು ಸಾಲಿನುದ್ದಕ್ಕೂ ಹರಿಯಿತು.

“ಪೊಲೀಸರನ್ನ ಕರೀತೀನಿ” ಎಂದ ಕಾರ್ಯದರ್ಶಿ. ಮುಖ ಕೆಂಪೇರಿತ್ತು.

“ಕರೀರಿ. ಅವರಿಗೂ ಕುರ್ಚಿ ಹಾಕ್ತೀವಿ.”

ಮೇಡಂ ಕಾಲ ಬಳಿಯ ಪೊರಕೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ಕುರ್ಚಿ ಕೆಳಗೆ ತರಿಸಿ. ಸಭೆ ಇಲ್ಲೇ” ಎಂದರು.

ಒಬ್ಬೊಬ್ಬರೇ ಕೇಳಿದರು. ಕಾಲಿಲ್ಲದ ದರ್ಜಿ, ಹುಡುಗಿಯನ್ನು ಬಿಡಿಸಿದ್ದೇಕೆ ಎಂದ. ಬೆಳೆದ ಮಗಳನ್ನು ತೊಡೆಗೊರಗಿಸಿಕೊಂಡಿದ್ದ ತಾಯಿ, ಶೌಚಾಲಯಕ್ಕೆ ಎತ್ತಿಕೊಂಡು ಹೋಗಲು ಇದ್ದ ಆಯಾ ಎಲ್ಲಿ ಎಂದಳು. ಪ್ರತಿ ಪ್ರಶ್ನೆಗೂ ಕಾರ್ಯದರ್ಶಿ “ಪರಿಶೀಲಿಸ್ತೀವಿ” ಎನ್ನುತ್ತಿದ್ದ. ಕೊನೆಗೆ ಕಂಡಕ್ಟರಮ್ಮನ ಗಂಡ ಎಡಗೈ ಎತ್ತಿದ. ತುಟಿ ಅದುರಿತೇ ಹೊರತು ಮಾತು ಹೊರಡಲಿಲ್ಲ.

“ಆಯ್ತು, ಮುಂದಿನವರು” ಎಂದ ಕಾರ್ಯದರ್ಶಿ.

“ತಡೀರಿ!” ಅವಳ ಕೂಗಿಗೆ ಕಿಟಕಿ ಗಾಜು ಝಲ್ಲೆಂದಿತು. “ಅವರ ಮಾತಿನ್ನೂ ಮುಗಿದಿಲ್ಲ.”

ಎಲ್ಲರೂ ಕಾದರು. ಮೇಡಂ ಕೂಡ.

“ನನ್ನ... ಕಂಬಿ... ಎಲ್ಲಿ?”

ಮೇಡಂ ಆ ಪ್ರಶ್ನೆಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ವಾರ ಕಳೆಯುವಷ್ಟರಲ್ಲಿ ವಿಚಾರಣೆಗೆ ಆದೇಶವಾಯಿತು. ಕಾರ್ಯದರ್ಶಿ ರಜೆಯ ಮೇಲೆ ಹೋದ. ಕಾರ್ಪೆಟ್ ಎತ್ತಿದರು, ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಕಂಬಿಗಳನ್ನು ಉಜ್ಜಿ ತಂದು ನಿಲ್ಲಿಸಿದರು. ಆ ಹುಡುಗಿಗೆ ಬೇರೆಡೆ ಕೆಲಸ ಸಿಕ್ಕಿಬಿಟ್ಟಿತ್ತು, ಅವಳು ಬರಲಿಲ್ಲ. ಲಿಫ್ಟ್ ಇನ್ನೂ ಹಾಗೇ ಇದೆ.

ಕಂಡಕ್ಟರಮ್ಮ ಈಗ ಪ್ರತಿ ಸೋಮವಾರ ಇಲಾಖೆಗೆ ಹೋಗುತ್ತಾಳೆ. ಗುಮಾಸ್ತ ತಲೆ ಎತ್ತದೆಯೇ, “ವಿಚಾರಣೆ ನಡೀತಾ ಇದೆ ಕಣಮ್ಮ” ಎನ್ನುತ್ತಾನೆ.

“ನಡೀಲಿ ಬಿಡಪ್ಪ” ಎಂದು ಅವಳು ಅವನ ಮೇಜಿನೆದುರಿನ ಬೆಂಚನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾಳೆ. “ಅದು ಮುಗಿಯೋವರೆಗೂ ನಾನು ಬರ್ತಾನೇ ಇರ್ತೀನಿ.”