ಸಾರು ಆರದಷ್ಟು ದೂರ

ಗಂಡ ಬೆದಿಯಾಕೊ ಲಾರಿ ಓಡಿಸುತ್ತಿದ್ದ ಹನ್ನೆರಡು ವರ್ಷ ತಿವಾಳ ಸಂಸಾರದಲ್ಲಿ ಜಗಳ ಅನ್ನುವುದೇ ಇರಲಿಲ್ಲ. ವಾರಕ್ಕೆ ಎರಡು ದಿನ ಬರುತ್ತಿದ್ದ, ಹೊಗೆಯಲ್ಲಿ ಒಣಗಿಸಿದ ಮೀನು ತರುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ, ಹೊರಟುಬಿಡುತ್ತಿದ್ದ. ಸೊಂಟನೋವು ಅಂತ ಲಾರಿ ಬಿಟ್ಟು ಮನೆಯ ಮುಂದೆಯೇ ಜೋಳ ಬೀಸುವ ಗಿರಣಿ ಹಾಕಿದ ನೋಡಿ, ಆಮೇಲೆ ಶುರುವಾಯಿತು. ರೇಡಿಯೊ ಎಷ್ಟು ಜೋರಾಗಿರಬೇಕು, ಸಾರಿಗೆ ಎಷ್ಟು ಮೆಣಸು ಬೀಳಬೇಕು, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ! ಎರಡು ವರ್ಷಕ್ಕೆ ಜಗಳವೂ ಬೇಸರ ಬಂದು ಮಾತೇ ನಿಂತುಹೋಯಿತು. ಬಿಟ್ಟುಬಿಡೋಣ ಅಂತ ಇಬ್ಬರೂ ಒಪ್ಪಿದರು. ಆ ಎರಡು ವರ್ಷದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಶನಿವಾರ ಬೆಳಿಗ್ಗೆ ತಿವಾಳ ಅಜ್ಜಿ ನಾನಾ ದುಫಿಯೆಯ ಅಂಗಳದಲ್ಲಿ ಎರಡೂ ಕಡೆಯವರು ಸೇರಿದರು. ಬೆದಿಯಾಕೊನ ಸೋದರಮಾವ ಸಾರ್ಫೊ ಒಂದು ಬಟ್ಟಲಲ್ಲಿ ಬಿಳಿ ಜೇಡಿಪುಡಿ ತಂದು ನಡುವೆ ಇಟ್ಟ. ಗಂಡ ಆ ಪುಡಿಯನ್ನು ಹೆಂಡತಿಯ ಮೇಲೆ ಉದುರಿಸಿದರೆ ಊರಿನ ಕಣ್ಣಿಗೆ ಮದುವೆ ಮುಗಿದಂತೆ. ಉದುರಿಸದಿದ್ದರೆ, ಯಾವ ಕೋರ್ಟಿನ ಸೀಲು ಬಿದ್ದರೂ ಅವಳು ಅವನ ಹೆಂಡತಿಯೇ. ಕೋರ್ಟಿನ ಕಾಗದ ಬರೆಯಲು ಜಿಲ್ಲಾ ಕೇಂದ್ರದಿಂದ ಕೊನಾಡು ಅನ್ನುವ ವಕೀಲೆ ಬಂದಿದ್ದಳು. ಬಡವರಿಗೆ ಬಿಟ್ಟಿಯಾಗಿ ಕಾನೂನು ಹೇಳಿಕೊಡುವ ಕಚೇರಿಯವಳು, ಗಟ್ಟಿ ಹೆಂಗಸು.

ಆಸ್ತಿಯ ಮಾತು ಬೇಗ ಮುಗಿಯಿತು. ಮನೆಯ ಪತ್ರದಲ್ಲಿ ಬೆದಿಯಾಕೊನ ಹೆಸರಿದೆ ಅಂತ ಸಾರ್ಫೊ ಗಂಟಲು ಸರಿಮಾಡಿಕೊಂಡದ್ದೇ ತಡ, ಕೊನಾಡು ತಡೆದಳು.

"ಹೆಸರು ಒಬ್ಬರದು ಇದ್ದಮಾತ್ರಕ್ಕೆ ಒಬ್ಬರದೇ ಆಗಲ್ಲ ಮಾವ. ಇಟ್ಟಿಗೆಗೆ ನೀರು ಹೊತ್ತೋರು ಯಾರು?"

"ಇವಳೇ," ಅಂದ ಬೆದಿಯಾಕೊ, ನೆಲ ನೋಡುತ್ತ. "ಫೊರಿವಾ ಹೊಟ್ಟೇಲಿದ್ದಳು, ಆಗಲೂ ಹೊತ್ತಳು."

ತಿವಾ ತಲೆಯೆತ್ತಿದಳು. ಅದು ಇವನಿಗೆ ನೆನಪಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಮನೆ ತಿವಾಳಿಗೆ, ಗಿರಣಿಯೂ ಹೊಳೆಯಾಚೆಯ ಹೊಲವೂ ಅವನಿಗೆ ಅಂತ ಬರೆದದ್ದಾಯಿತು.

"ಮನೆ ಅವಳದು, ಗಿರಣಿ ಅದರ ಮುಂದೆ," ಅಂದಳು ಕೊನಾಡು. "ದಿನಾ ಬಂದು ಬೀಸ್ತೀಯಲ್ಲ, ಜಗಳ ಆಗಲ್ವಾ?"

"ಗಿರಣಿ ಓಡ್ತಿದ್ರೆ ಇವಳು ಅಂದಿದ್ದು ನಂಗೆ ಕೇಳಿಸೋದೇ ಇಲ್ಲ ಮೇಡಂ."

ಅಂಗಳವೆಲ್ಲ ನಕ್ಕಿತು. ತಿವಾಳಿಗೂ ನಗು ಬಂತು, ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡಳು. ಆ ನಗು ಅರ್ಧದಲ್ಲೇ ನಿಂತಿತು, ಯಾಕೆಂದರೆ ಸಾರ್ಫೊ ಎದ್ದು ನಿಂತಿದ್ದ.

"ಹೆಣ್ಣುಮಕ್ಕಳು ಇಬ್ಬರಿದಾರೆ. ಒಬ್ಬಳು ಅವಳಿಗೆ, ಒಬ್ಬಳು ಇವನಿಗೆ. ಅಲ್ಲಿಗೆ ಲೆಕ್ಕ ಸರಿಹೋಯ್ತು."

ಫೊರಿವಾಳಿಗೆ ಹತ್ತು ವರ್ಷ, ಬಿರಾಗೊಳಿಗೆ ಏಳು. ಹುಟ್ಟಿದಾಗಿನಿಂದ ಒಂದೇ ಚಾಪೆ, ಒಂದೇ ಹೊದಿಕೆ. ತಿವಾ ಎದ್ದು ನಿಂತಳು. ಮನೆ ಬೇಕಾದರೆ ಹೋಗಲಿ, ಈ ಮಕ್ಕಳನ್ನು ಬೇರೆ ಮಾಡುವುದಾದರೆ ಬಿಡುಗಡೆಯೇ ಬೇಡ.

"ಹಾಗಾದ್ರೆ ನಾನು ಹೆಂಡ್ತಿಯಾಗೇ ಇರ್ತೀನಿ," ಅಂದಳು. "ಅದೇನು ಪುಡಿ ಇದೆಯೋ ವಾಪಸ್ ತಗೊಂಡು ಹೋಗಿ."

"ಲೇ, ನಾನು ಕೇಳಿದ್ನಾ?" ಬೆದಿಯಾಕೊ ರೇಗಿದ. "ಮಾವ ಕೇಳಿದ್ದು!"

"ಮತ್ತೆ ಪುಡಿ ಯಾಕೆ ಮುಟ್ತಾ ಇಲ್ಲ ಫೊರಿವಾನ ಅಪ್ಪ? ಆಗಿಂದ ನೋಡ್ತಿದೀನಿ, ಅದು ಹಾವೇನೋ ಅನ್ನೋ ಹಾಗೆ ದೂರ ಕೂತಿದೀಯ."

ಅವನು ಸಣ್ಣ ದನಿಯಲ್ಲಿ ಅಂದ: "ನಮ್ಮಲ್ಲಿ ಮಕ್ಕಳು ತಾಯಿ ಕುಲಕ್ಕೆ ಸೇರಿದೋರು. ಪುಡಿ ಬಿದ್ದ ಮೇಲೆ ನಾನು ಯಾರು ಅವಕ್ಕೆ? ದಾರೀಲಿ ಸಿಕ್ಕರೆ ನಮಸ್ಕಾರ ಅಂತಾವೆ, ಅಷ್ಟೇ."

ಕೊನಾಡು ಪೆನ್ನು ಕೆಳಗಿಟ್ಟಳು. "ಕಾನೂನು ಕೇಳೋದು ಒಂದೇ, ಮಕ್ಕಳಿಗೆ ಯಾವುದು ಒಳ್ಳೇದು ಅಂತ. ಅವರನ್ನೇ ಕೇಳೋಣ, ಕರೀರಿ."

ಮಕ್ಕಳೇನು ದೂರ ಇರಲಿಲ್ಲ, ಅಡುಗೆಮನೆಯ ಬಾಗಿಲ ಹಿಂದೆ ಕಿವಿ ಇಟ್ಟುಕೊಂಡೇ ನಿಂತಿದ್ದರು. ಫೊರಿವಾ ತಂಗಿಯ ಕೈ ಹಿಡಿದು ಬಂದಳು. ಮೊದಲು ಬಾಯಿಬಿಟ್ಟದ್ದು ಮಾತ್ರ ಬಿರಾಗೊ.

"ಅಪ್ಪ ಎಲ್ಲಿರ್ತಾನೆ?"

"ಅಪ್ಪನ ಅಮ್ಮನ ಮನೇಲಿ, ಚರ್ಚಿನ ಹಿಂದೆ," ಅಂದಳು ಕೊನಾಡು.

ಹುಡುಗಿ ಬೆರಳು ಮಡಚಿ ಏನೋ ಎಣಿಸಿದಳು. "ಅಷ್ಟೇನಾ? ಅಲ್ಲಿಗೆ ತಗೊಂಡು ಹೋಗೋದ್ರಲ್ಲಿ ಸಾರೂ ಆರಲ್ಲ."

ಮೂಲೆಯಲ್ಲಿ ತೂಕಡಿಸುತ್ತಿದ್ದ ನಾನಾ ದುಫಿಯೆಗೆ ಏನಾಯಿತೋ, ಇದ್ದಕ್ಕಿದ್ದಂತೆ ನಗತೊಡಗಿದಳು. ಹಲ್ಲಿಲ್ಲದ ಬಾಯಿ ಅಗಲಿಸಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಯಾಕೆ ನಾನಾ?" ಅಂದಳು ತಿವಾ.

"ನಿಮ್ಮ ತಾತ ಸಾಯೋವರೆಗೂ ಅವರಮ್ಮನ ಮನೇಲೇ ಇದ್ದ ಕಣೇ! ನಾನು ನಮ್ಮಮ್ಮನ ಮನೇಲಿ. ಸಂಜೆ ಆದ್ರೆ ಊರಿನ ಮಕ್ಕಳೆಲ್ಲ ತಲೆ ಮೇಲೆ ಫುಫು ಮುದ್ದೆಯ ಬೋಗುಣಿ ಹೊತ್ಕೊಂಡು ಅಪ್ಪಂದಿರ ಮನೆಗೆ ಓಡೋವು, ಬೀದಿ ತುಂಬ. ನಿಮ್ಮಮ್ಮ ಎಷ್ಟು ಸಲ ಎಡವಿ ಚೆಲ್ಲಿದಾಳೋ! ನಲವತ್ತು ವರ್ಷ ಒಂದು ಜಗಳ ಇಲ್ಲ. ನೀವು ಲಾಯರಮ್ಮನ್ನ ಕರೆಸಿ, ಫೈಲು ಮಾಡಿ, ಇಷ್ಟೆಲ್ಲ ಪರದಾಡಿ ಮಾಡ್ತಿರೋದು ಇದನ್ನೇನಾ? ನಮ್ಮ ಕಾಲದಲ್ಲಿ ಇದಕ್ಕೆ ಮದುವೆ ಅಂತಿದ್ರು!"

ಕೊನಾಡು ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಸಾರ್ಫೊ ಕೂಡ ಕೂತುಬಿಟ್ಟ. ಅವನೂ ಹುಡುಗನಾಗಿದ್ದಾಗ ಬೋಗುಣಿ ಹೊತ್ತವನೇ.

"ಅಂದ್ರೆ... ಇಬ್ಬರೂ ಬರ್ತಾರಾ?" ಬೆದಿಯಾಕೊ ಕೇಳಿದ. "ದಿನಾ?"

"ದಿನಾ ಅಂತ ಬರೀಲಾ?" ಕೊನಾಡು ತಿವಾಳನ್ನು ನೋಡಿದಳು.

"ಬರೀರಿ ಮೇಡಂ. ಇಬ್ಬರೂ ಮಲಗೋದು ನನ್ನ ಮನೇಲಿ, ಒಂದೇ ಚಾಪೇಲಿ. ಸಂಜೆ ಊಟ ಅವನ ಜೊತೆ. ಭಾನುವಾರ ಮಾತ್ರ ಅವನೇ ಮಾಡಿ ಬಡಿಸ್ಲಿ. ಮೆಣಸು ಎಷ್ಟು ಹಾಕ್ತಾನೋ ನೋಡೋಣ."

"ಹಾಕ್ತೀನಿ, ಹಾಕ್ತೀನಿ. ನೀನೂ ಬಂದು ತಿನ್ನು."

"ನಾನ್ಯಾಕೆ ಬರ್ಲಿ? ನೀನು ನನ್ನ ಗಂಡನಾ?"

"ಪುಡಿ ಬೀಳೋವರೆಗೂ ಹೌದು," ಅಂದವನೇ ಎದ್ದು ಬಟ್ಟಲಿಗೆ ಕೈ ಹಾಕಿದ. ಚಿಟಿಕೆ ಸಾಕಿತ್ತು. ಅವನು ಎರಡು ಹಿಡಿ ತೆಗೆದು ಅವಳ ಭುಜದಿಂದ ಪಾದದವರೆಗೆ ಸುರಿದ. "ಹೋಗು ತಿವಾ. ನಿಂಗೆ ಒಳ್ಳೇದಾಗ್ಲಿ."

ನೀರಿಗೆ ಹೊರಟಿದ್ದ ಹೆಂಗಸರು ಬೇಲಿಯಾಚೆಯಿಂದ ನೋಡಿದರು. ವ್ಯಾಜ್ಯ ಗೆದ್ದವರ ಮೈಗೂ ಆ ಊರಲ್ಲಿ ಇದೇ ಬಿಳಿ ಪುಡಿ ಹಚ್ಚುತ್ತಿದ್ದರು. ಮೈಯೆಲ್ಲ ಬಿಳಿಯಾಗಿ ನಿಂತಿದ್ದವಳನ್ನು ಕಂಡು, ಇವಳು ಯಾವುದೋ ವ್ಯಾಜ್ಯ ಗೆದ್ದಿರಬೇಕು ಅಂದುಕೊಂಡು ಕೇಕೆ ಹಾಕಿ ಹಾಡತೊಡಗಿದರು. ತಿವಾ ತಿದ್ದಲು ಹೋಗಲಿಲ್ಲ. ಅವರ ಜೊತೆ ಎರಡು ಹೆಜ್ಜೆ ಕುಣಿದಳು.

ಮಧ್ಯಾಹ್ನ ಮನೆಗೆ ಬಂದು ಬೆದಿಯಾಕೊನ ಸಾಮಾನು ಕಳಿಸತೊಡಗಿದಳು. ಅಂಗಿಗಳನ್ನು ಫೊರಿವಾ ಹೊತ್ತಳು, ರೇಡಿಯೊವನ್ನು ಬಿರಾಗೊ. ಹೋದಷ್ಟೇ ಬೇಗ ಇಬ್ಬರೂ ಏದುಸಿರು ಬಿಡುತ್ತ ಬರಿಗೈಯಲ್ಲಿ ವಾಪಸು ಬಂದರು.

"ಇನ್ನೇನಮ್ಮಾ? ಇನ್ನೇನು ಒಯ್ಯೋಣ?"

ಚಪ್ಪಲಿ ಹೋಯಿತು, ದಿಂಬು ಹೋಯಿತು, ಕ್ಷೌರದ ಕನ್ನಡಿ ಹೋಯಿತು. ನಾಲ್ಕನೆಯ ಸಲ ಮಕ್ಕಳು ಬಂದು ನಿಂತಾಗ ಅವನದು ಅನ್ನುವಂಥದ್ದು ಮನೆಯಲ್ಲಿ ಏನೂ ಉಳಿದಿರಲಿಲ್ಲ. ತಿವಾ ಅತ್ತಿತ್ತ ನೋಡಿದಳು. ಬುಟ್ಟಿಯಿಂದ ಎರಡು ಈರುಳ್ಳಿ ತೆಗೆದು ಒಂದೊಂದನ್ನು ಒಬ್ಬೊಬ್ಬರ ಕೈಗಿಟ್ಟಳು.

"ಅಪ್ಪಂಗೆ ಕೊಟ್ಟು ಬನ್ನಿ," ಅಂದಳು. "ನಿಧಾನಕ್ಕೆ ಬನ್ನಿ, ಅವಸರವೇನಿಲ್ಲ."