ಹೊಲಿದು ಮುಚ್ಚಿದ ತೋಳು

ಒಗೆದಿಟ್ಟ ಬಿಳಿ ಅಂಗಿಗೆ ಬಲಗೈ ತೂರಿಸಿದ ಡ್ರೈವರನ ಬೆರಳುಗಳು ತೋಳಿನ ಕೊನೆಯಲ್ಲಿ ತಡೆದು ನಿಂತವು. ಇನ್ನೊಮ್ಮೆ ನೂಕಿದ. ಕೈ ಹೊರಬರಲಿಲ್ಲ. ತೋಳಿನ ಬಾಯಿಯನ್ನು ಯಾರೋ ಒತ್ತೊತ್ತಾಗಿ ಹೊಲಿದು ಮುಚ್ಚಿದ್ದರು.

"ಅಮ್ಮನ ಹೊಲಿಗೆನೇ ಇದು," ಎಂದಳು ಮಗಳು, ದಾರವನ್ನು ಸವರಿ. "ಇಂಥ ತಪ್ಪು ಅವಳ ಕೈಲಿ ಹೇಗಾಯ್ತಪ್ಪಾ?"

ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಆ ಜಾಗದಲ್ಲಿ ಡ್ರೈವರನ ಹೆಂಡತಿಯ ಹೆಣವನ್ನು ಮಲಗಿಸಿದ್ದರು. ಬೆಳಗ್ಗೆ ಬಚ್ಚಲಿನ ಹೊಸ್ತಿಲಲ್ಲಿ ತೂರಾಡಿ ಬಿದ್ದಾಗ ತಲೆಗಾದ ಗಾಯದ ಮೇಲೆ ಬಟ್ಟೆ ಹೊದಿಸಿದ್ದರು.

"ಅಕ್ಕ ಪುಣ್ಯವಂತೆ ಭಾವ," ಎಂದಳು ಹೆಂಡತಿಯ ತಂಗಿ. "ದಿನಾ ನೀವೇ ನಿದ್ದೆ ಮಾತ್ರೆ ಕೊಟ್ಟು, ನೀರು ಹಿಡ್ಕೊಂಡು ನಿಲ್ತಿದ್ರಿ. ನಮ್ಮನೆಯೋರಿಗೆ ನಾನು ಬದುಕಿರೋದೂ ಊಟದ ಹೊತ್ತಿಗೇ ನೆನಪಾಗೋದು."

ಬಾಗಿಲಲ್ಲಿದ್ದ ಅವನ ಬಸ್ಸಿನ ಕಂಡಕ್ಟರ್ ತಲೆಯಾಡಿಸಿದ. "ಅತ್ತಿಗೆ ನಿದ್ದೆ ಮಾಡೋಕೆ ಶುರು ಮಾಡಿದ್ಮೇಲೇ ಅಣ್ಣ ಸ್ಟಿಯರಿಂಗ್ ಮುಂದೆ ತೂಕಡಿಸೋದು ಬಿಟ್ಟಿದ್ದು. ಅಲ್ಲೀವರೆಗೂ ಬಸ್ಸಲ್ಲಿ ದೇವರನ್ನ ಜಾಸ್ತಿ ನೆನೀತಿದ್ದೋನು ನಾನೇ!"

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು.

*

ಮಾತ್ರೆ ಬರುವ ಮೊದಲು, ನಿದ್ದೆ ಬಾರದಾಗಲೆಲ್ಲ ಅವನ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಆ ಸದ್ದಿಗೆ ಅವನಿಗೂ ನಿದ್ದೆಯಿರಲಿಲ್ಲ. ಡಾಕ್ಟರ ಬಳಿಗೆ ಅವನೇ ಕರೆದೊಯ್ದ. ಮಾತ್ರೆ ಬಂತು, ಮನೆ ತಣ್ಣಗಾಯಿತು.

ಬೆಳಗ್ಗೆ ಎದ್ದರೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತಿದ್ದಳು. ಒಂದು ದಿನ ಹೊಲಿಗೆಗೆ ಬಂದಿದ್ದ ಯಾವುದೋ ಮಗುವಿನ ಅಂಗಿಯ ಕತ್ತು ಪೂರ್ತಿ ಹೊಲಿದುಹೋಗಿತ್ತು.

"ಇದನ್ನ ನಾನು ಯಾವಾಗ ಹೊಲಿದೆ ರೀ? ನೆನಪೇ ಇಲ್ಲ."

"ನಿದ್ದೇಲಿ ಎದ್ದು ಹೊಲಿದಿರ್ತೀಯ. ಕೂಲಿ ಕೇಳದ ದೆವ್ವ ಸಿಕ್ತು ಬಿಡು."

ಅವಳು ನಗಲಿಲ್ಲ. "ತಲೆಯೊಳಗೆ ಹತ್ತಿ ತುರುಕಿದ ಹಾಗಿದೆ. ಈ ಮಾತ್ರೆ ಬೇಡ ರೀ. ಡಾಕ್ಟರಿಗೆ ಹೇಳೋಣ."

ಮುಂದಿನ ಸಲ ಡಾಕ್ಟರೇ ಕೇಳಿದರು: "ಬೆಳಗ್ಗೆ ತೂರಾಟ, ಮರೆವು ಏನಾದ್ರೂ ಇದೆಯಾಮ್ಮ? ಇದ್ರೆ ಮಾತ್ರೆ ಬದಲಾಯಿಸ್ಬೇಕು."

ಅವಳು ಬಾಯಿ ತೆರೆಯುವ ಮೊದಲೇ ಅವನೆಂದ: "ಏನಿಲ್ಲ ಡಾಕ್ಟ್ರೇ. ಮಗು ಥರ ಮಲಗ್ತಾಳೆ."

ಅವಳು ಅವನ ಮುಖ ನೋಡಿದಳು. ಮನೆಗೆ ಬಂದು, ಅವನು ಕೊಟ್ಟ ಮಾತ್ರೆಯನ್ನು ಸುಮ್ಮನೆ ನುಂಗಿದಳು.

*

"ಕೈ ಕೊಡಪ್ಪ, ಹೊಲಿಗೆ ಬಿಚ್ಚಿಕೊಡ್ತೀನಿ." ಮಗಳ ಕೈಯಲ್ಲಿ ತಾಯಿಯ ಕತ್ತರಿ ಇತ್ತು.

"ಬೇಡ. ಹಾಗೇ ಇರ್ಲಿ."

ಮಗಳು ದನಿ ತಗ್ಗಿಸಿದಳು. "ಅಪ್ಪಾ, ಆ ಮಾತ್ರೆ ತನಗೆ ಆಗ್ತಿಲ್ಲ ಅಂತ ಅಮ್ಮ ಯಾವತ್ತಾದ್ರೂ ಹೇಳಿದ್ಲಾ?"

ದೇವರೇ, ಎಂದುಕೊಂಡು ಅವನು ಬಾಯಿ ತೆರೆದ.

"ಏನಂತ ಹೇಳ್ತಾಳೆ?" ಹೆಂಡತಿಯ ತಂಗಿ ನಡುವೆ ಬಂದಳು. "ಮಗು ಥರ ಮಲಗ್ತಾಳೆ ಅಂತ ಭಾವನೇ ಹೇಳ್ತಿದ್ರಲ್ಲ."

ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಅತ್ತಿಗೆಯ ಮೇಲಿಡಲೆಂದು ಕಂಡಕ್ಟರ್ ಒಂದು ಹೂವನ್ನು ಅವನತ್ತ ನೀಡಿದ. ಡ್ರೈವರ್ ಬಲಗೈ ಚಾಚಿದ. ಹೂವು ಮೊಂಡು ತೋಳಿಗೆ ತಾಗಿ ನೆಲಕ್ಕೆ ಬಿತ್ತು. ಬಿಳಿ ಬಟ್ಟೆಯೊಳಗೆ ಬೆರಳುಗಳು ಮಾತ್ರ ಅವಳ ಹೊಲಿಗೆಯನ್ನು ತಡಕುತ್ತಿದ್ದವು.